ಕೂಸಿನ ಕೈಗೆ ಮೊದಲ ತುತ್ತು

ಕಳೆದ ಶ್ರಾವಣದ ಒಂದು ಬೆಳಗ್ಗೆ ಅತ್ತೆ ಸೊಸೆಯರಿಬ್ಬರು ಎಂಟು ತಿಂಗಳ ಗಂಡು ಕೂಸನ್ನು ಎತ್ತಿಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಕೂಸಿಗೆ ಯಾವ ರೋಗವೂ ಇರಲಿಲ್ಲ. ಮನಸ್ತಾಪವಿದ್ದುದು ಅದರ ತಾಯಿಗೂ ಅಜ್ಜಿಗೂ. ಸೊಸೆ ಕೂಸನ್ನು ತನ್ನ ಜೊತೆ ಊಟಕ್ಕೆ ಕೂರಿಸಿಕೊಂಡು, ಬೇಯಿಸಿದ ಕುಂಬಳಕಾಯಿಯ ಹೋಳು, ಇಡ್ಲಿಯ ತುಂಡುಗಳನ್ನು ತಟ್ಟೆಯಲ್ಲಿಟ್ಟು, ಅದು ತನ್ನ ಕೈಯಿಂದಲೇ ತಿನ್ನಲೆಂದು ಬಿಡುತ್ತಾಳಂತೆ. ಅಜ್ಜಿಗೆ ಇದು ಸಹಿಸದು. “ನೀವ ಹೇಳ್ರಿ ಡಾಕ್ಟರ್ರ, ಹಲ್ಲಿಲ್ಲದ ಕೂಸಿಗೆ ಹೋಳು ಕೊಟ್ರ ಗಂಟಲಾಗ ಸಿಕ್ಕೊಳ್ಳಂಗಿಲ್ಲೇನು? ಅರ್ಧ ನೆಲಕ್ಕ ಚೆಲ್ಲತೈತಿ. ಪ್ರಸಾದ ತುಳಿದಂಗಾತಲ್ರಿ” ಎಂದರು. ಸೊಸೆ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದು, ಕೊನೆಗೆ ಮೆಲ್ಲಗೆ ಹೇಳಿದಳು: “ಅತ್ತಿಯವರು ಕಾಲ ಮ್ಯಾಲೆ ಮಲಗಿಸಿ ಒಳಲ್ಯಾಗ ಗಂಜಿ ಹೊಯ್ತಾರ್ರಿ. ಅತ್ತರೂ ಬಿಡಂಗಿಲ್ಲ.”

ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಅಂದು ಅವರಿಗೆ ಹೇಳಿದ್ದನ್ನೂ, ಸಮಯ ಸಾಲದೆ ಹೇಳಲಾಗದೆ ಉಳಿದದ್ದನ್ನೂ ಶ್ರೀಮಠದ ಸದ್ಭಕ್ತರೆಲ್ಲರಿಗಾಗಿ ಇಲ್ಲಿ ವಿವರಿಸುತ್ತಿದ್ದೇನೆ. ಮನೆಯಲ್ಲಿ ಎಳೆಗೂಸಿರುವವರು ಇದನ್ನು ಅಜ್ಜಿಯರಿಗೂ ಓದಿ ಹೇಳಬೇಕೆಂದು ವಿನಂತಿ.

ಆಯುರ್ವೇದವು ಬಾಲ್ಯವನ್ನು ಆಹಾರದ ಆಧಾರದ ಮೇಲೆ ಮೂರಾಗಿ ವಿಂಗಡಿಸಿದೆ. ಹಾಲನ್ನೇ ನೆಚ್ಚಿರುವ ಕೂಸು ಕ್ಷೀರಪ, ಹಾಲು ಅನ್ನ ಎರಡನ್ನೂ ಉಣ್ಣುವುದು ಕ್ಷೀರಾನ್ನಾದ, ಅನ್ನವನ್ನೇ ಉಣ್ಣುವುದು ಅನ್ನಾದ. ಆರನೆಯ ತಿಂಗಳಲ್ಲಿ ಲಘುವೂ ಹಿತವೂ ಆದ ಅನ್ನವನ್ನು ಉಣ್ಣಿಸಬೇಕೆಂಬುದು ಸುಶ್ರುತರ ಮತ. ಕಾಶ್ಯಪ ಸಂಹಿತೆ ಆರನೆಯ ತಿಂಗಳಿಗೆ ಫಲಪ್ರಾಶನವನ್ನೂ ಹತ್ತನೆಯ ತಿಂಗಳಿಗೆ ಅನ್ನಪ್ರಾಶನವನ್ನೂ ವಿಧಿಸುತ್ತದೆ. ನನಗೆ ಬಹಳ ಅರ್ಥಪೂರ್ಣವೆನಿಸುವುದು ವಾಗ್ಭಟರ ಕ್ರಮ. ಐದನೆಯ ತಿಂಗಳಲ್ಲಿ ಉಪವೇಶನ, ಅಂದರೆ ಕೂಸನ್ನು ನೆಲದ ಮೇಲೆ ಕೂರಿಸುವ ಸಂಸ್ಕಾರ. ಅದರ ನಂತರ ಆರನೆಯ ತಿಂಗಳಲ್ಲಿ ಅನ್ನಪ್ರಾಶನ. ಮೊದಲು ಕೂರಬೇಕು, ಆಮೇಲೆ ಉಣ್ಣಬೇಕು. ನಾವು ಅನ್ನಪ್ರಾಶನದ ಮುಹೂರ್ತವನ್ನು ಮಾತ್ರ ನೆನಪಿಟ್ಟುಕೊಂಡು ಉಪವೇಶನವನ್ನು ಮರೆತಿದ್ದೇವೆ. ಮಲಗಿದ ಕೂಸಿನ ಬಾಯಿಗೆ ಗಂಜಿ ಹೊಯ್ಯುವ ಅಭ್ಯಾಸ ಆ ಮರೆವಿನ ಫಲ.

ವಿಶ್ವ ಆರೋಗ್ಯ ಸಂಸ್ಥೆಯೂ ಇಂದು ಹೇಳುವುದು ಇದನ್ನೇ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಆಮೇಲೆ ಮೇಲೂಟ ಆರಂಭವಾಗಬೇಕು; ಹಾಲೂಡುವುದು ಎರಡು ವರ್ಷದವರೆಗೂ ಅದರಾಚೆಗೂ ಮುಂದುವರಿಯಬೇಕು. ಆದರೆ ಪಂಚಾಂಗ ನೋಡಿದಂತೆಯೇ ಕೂಸನ್ನೂ ನೋಡಬೇಕು. ಕತ್ತು ನಿಂತಿದೆಯೇ? ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂರುತ್ತದೆಯೇ? ಕಂಡದ್ದನ್ನು ಹಿಡಿದು ಬಾಯಿಗೆ ಒಯ್ಯುತ್ತದೆಯೇ? ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಕ್ಕೆ ದಬ್ಬುವುದನ್ನು ನಿಲ್ಲಿಸಿದೆಯೇ? ಇವು ಕಂಡುಬಂದರೆ ಕೂಸು ಸಿದ್ಧವಾಗಿದೆ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು, ತೂಕ ಕಡಿಮೆಯಿರುವ ಮಕ್ಕಳು, ಸೀಳುತುಟಿ ಅಥವಾ ನರದೌರ್ಬಲ್ಯವಿರುವ ಮಕ್ಕಳ ವಿಷಯದಲ್ಲಿ ಮಾತ್ರ ಮಕ್ಕಳ ವೈದ್ಯರನ್ನು ಕೇಳದೆ ಯಾವ ಪದ್ಧತಿಯನ್ನೂ ಆರಂಭಿಸಬಾರದು.

ಕೂಸು ತಾನೇ ಉಣ್ಣುವ ಪದ್ಧತಿ ಹೊಸತೆಂದು ಸೊಸೆಯಂದಿರೂ ಭಾವಿಸಿದ್ದಾರೆ, ಅತ್ತೆಯರೂ ಭಾವಿಸಿದ್ದಾರೆ. ಇಂಗ್ಲೆಂಡಿನ ಗಿಲ್ ರಾಪ್ಲಿ ಎಂಬವರು 2008ರಲ್ಲಿ ಇದನ್ನು ಕುರಿತು ಪುಸ್ತಕ ಪ್ರಕಟಿಸಿದ ಮೇಲೆ ಇದಕ್ಕೊಂದು ಹೆಸರು ಬಂದದ್ದು ನಿಜ. ಆದರೆ 1920ರ ದಶಕದಲ್ಲಿಯೇ ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಎಂಬ ವೈದ್ಯೆ, ಆಗಷ್ಟೇ ಹಾಲು ಬಿಟ್ಟ ಕೂಸುಗಳ ಮುಂದೆ ಧಾನ್ಯ, ಹಣ್ಣು, ತರಕಾರಿ, ಹಾಲು, ಮಾಂಸ ಮೊದಲಾದ ಹಲವು ಬಟ್ಟಲುಗಳನ್ನಿಟ್ಟು ಪರೀಕ್ಷಿಸಿದರು. ದಾದಿಯರು ಒತ್ತಾಯಿಸುವಂತಿರಲಿಲ್ಲ, ತಡೆಯುವಂತೆಯೂ ಇರಲಿಲ್ಲ. ಕೂಸು ಕೈಚಾಚಿದ ಬಟ್ಟಲಿನಿಂದ ಮಾತ್ರ ನೆರವಾಗಬೇಕಿತ್ತು. ಒಂದೊಂದು ಕೂಸೂ ಒಂದೊಂದು ಬಗೆಯಲ್ಲಿ ತಿಂದಿತು. ಆದರೂ ಮಕ್ಕಳೆಲ್ಲ ಚೆನ್ನಾಗಿ ಬೆಳೆದರು. ಇದನ್ನು ಕೇಳಿ ‘ಮಕ್ಕಳು ಬೇಕಾದ್ದು ತಿನ್ನಲಿ’ ಎಂದು ಬಿಸ್ಕತ್ತಿನ ಪೊಟ್ಟಣ ಕೈಗೆ ಕೊಡುವವರಿದ್ದಾರೆ. ಅವರು ಮುಖ್ಯವಾದುದನ್ನೇ ಬಿಟ್ಟಿದ್ದಾರೆ. ಆ ಬಟ್ಟಲುಗಳಲ್ಲಿ ಸಕ್ಕರೆ ಬೆರೆಸಿದ, ಕರಿದ, ಕೆಟ್ಟ ಪದಾರ್ಥ ಒಂದೂ ಇರಲಿಲ್ಲ. ಯಾವುದನ್ನು ಆರಿಸಿಕೊಂಡರೂ ಹಿತವೇ ಆಗಿತ್ತು. ಬಟ್ಟಲಲ್ಲಿ ಏನಿರಬೇಕೆಂಬುದು ಹಿರಿಯರ ಹೊಣೆ. ಎಷ್ಟು ಉಣ್ಣಬೇಕೆಂಬುದು ಕೂಸಿನ ಹಸಿವಿಗೆ ಬಿಟ್ಟದ್ದು. ಮುಂಚೆ ಉಂಡದ್ದು ಅರಗುವ ಮೊದಲೇ ಮತ್ತೆ ಉಣ್ಣುವುದನ್ನು ಚರಕರು ಅಧ್ಯಶನವೆಂದು ಕರೆದು ರೋಗಮೂಲಗಳ ಸಾಲಿಗೆ ಸೇರಿಸಿದ್ದಾರೆ. ಬಾಯಿ ತಿರುಗಿಸಿದ ಕೂಸಿಗೆ ಮೊಬೈಲು ತೋರಿಸಿ ತುರುಕುವುದು ಅಧ್ಯಶನವಲ್ಲದೆ ಮತ್ತೇನು?

ಇನ್ನು ಒಳಲೆಯ ಮಾತು. ಆಗತಾನೆ ಹುಟ್ಟಿ ಮೊಲೆ ಚೀಪಲಾರದ ಕೂಸಿಗೆ ಹಿಂಡಿದ ಹಾಲನ್ನು, ತಲೆ ಎತ್ತಿ ಹಿಡಿದು, ತುಟಿಯಂಚಿನಿಂದ ಹನಿಹನಿಯಾಗಿ ಕುಡಿಸಲು ಒಳಲೆ ಒಳ್ಳೆಯ ಸಾಧನ. ಆದರೆ ನೀಡಿದ ಕಾಲುಗಳ ಮೇಲೆ ಕೂಸನ್ನು ಅಂಗಾತ ಮಲಗಿಸಿ, ಕೈಗಳನ್ನು ಅದುಮಿ, ಅಳುತ್ತಿರುವಾಗಲೇ ಗಂಜಿ ಹೊಯ್ಯುವುದು ಬೇರೆ ಸಂಗತಿ. ಅಳುವ ಕೂಸು ಉಸಿರನ್ನು ಒಳಗೆಳೆದುಕೊಳ್ಳುವಾಗ ಶ್ವಾಸನಾಳದ ಬಾಗಿಲು ತೆರೆದಿರುತ್ತದೆ. ಗಂಜಿ ಎದೆಗೆ ಇಳಿಯುತ್ತದೆ. ಹೀಗೆ ಇಳಿದದ್ದರಿಂದ ಮತ್ತೆ ಮತ್ತೆ ಶ್ವಾಸಕೋಶದ ಉರಿಯೂತ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಹೋಳು ಗಂಟಲಲ್ಲಿ ಸಿಕ್ಕೀತೆಂದು ಹೆದರುವ ಅಜ್ಜಿಯೇ ಅದಕ್ಕಿಂತ ಕಡಿಮೆಯಲ್ಲದ ಅಪಾಯವನ್ನು ದಿನಕ್ಕೆ ಮೂರು ಬಾರಿ ತನ್ನ ಕೈಯಾರೆ ತರುತ್ತಾಳೆ, ಅದೂ ಕಕ್ಕುಲತೆಯಿಂದ.

ಹಾಗೆಂದು ಅಜ್ಜಿಯ ಹೆದರಿಕೆಯನ್ನು ನಗೆಯಾಡುವಂತಿಲ್ಲ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಸುಮಾರು ಮೂವತ್ತು ವರ್ಷಗಳ ಹಿಂದೆ, ನಾಗರಪಂಚಮಿಯಾದ ಮೂರನೆಯ ದಿನ, ಹದಿನಾಲ್ಕು ತಿಂಗಳ ಹೆಣ್ಣುಮಗುವನ್ನು ಕೆಮ್ಮೆಂದು ನನ್ನ ಬಳಿ ತಂದರು. ಎದೆಯಲ್ಲಿ ಸುಯ್ಲು ಕೇಳುತ್ತಿತ್ತು. ಮಳೆಗಾಲದ ಕಫವೆಂದು ಬಗೆದು ಸಿತೋಪಲಾದಿ ಚೂರ್ಣ ಕೊಟ್ಟೆ. ಕಡಿಮೆಯಾಗಲಿಲ್ಲ, ಔಷಧ ಬದಲಿಸಿದೆ. ಹೀಗೆ ಹನ್ನೆರಡು ದಿನಗಳು ಕಳೆದವು. ಜ್ವರ ಏರಿದ ದಿನ ಮತ್ತೊಮ್ಮೆ ಗಮನವಿಟ್ಟು ಆಲಿಸಿದಾಗ ಎದೆಯ ಬಲಭಾಗದಲ್ಲಿ ಉಸಿರಿನ ಸದ್ದೇ ಕ್ಷೀಣವಾಗಿತ್ತು. ಆಗ ಕೇಳಿದೆ, ಕೆಮ್ಮು ಹೇಗೆ ಆರಂಭವಾಯಿತು ಎಂದು. ಪಂಚಮಿಯ ದಿನ ಅಣ್ಣ ಶೇಂಗಾ ಉಂಡಿ ತಿನ್ನುತ್ತಿದ್ದಾಗ ತಂಗಿಗೂ ಕೊಟ್ಟಿದ್ದ; ತಟ್ಟನೆ ಕೆಮ್ಮಿ ಮುಖ ಕೆಂಪಾಗಿ, ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗಿತ್ತು; ಹಬ್ಬದ ಗದ್ದಲದಲ್ಲಿ ಎಲ್ಲರೂ ಮರೆತಿದ್ದರು. ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದೆ. ಅಲ್ಲಿನ ಶಸ್ತ್ರವೈದ್ಯರು ದುರ್ಬೀನಿನ ಕೊಳವೆಯಿಳಿಸಿ ಬಲ ಶ್ವಾಸನಾಳದಿಂದ ಶೇಂಗಾದ ಅರ್ಧ ಬೇಳೆಯನ್ನು ತೆಗೆದರು. ಮಗು ಬದುಕಿತು. ಮೊದಲ ದಿನವೇ ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ನಾನು ಹನ್ನೆರಡು ದಿನ ಕೇಳಿರಲಿಲ್ಲ.

ಶೇಂಗಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದರ ಎಣ್ಣೆಯಂಶ ಶ್ವಾಸನಾಳವನ್ನು ಕೆರಳಿಸಿ ಊದಿಸುತ್ತದೆ. ಆದ್ದರಿಂದ, ತಿನ್ನುತ್ತಿದ್ದಾಗ ಅಥವಾ ಆಡುತ್ತಿದ್ದಾಗ ತಟ್ಟನೆ ಆರಂಭವಾದ ಕೆಮ್ಮು ನಿಂತಂತೆ ಕಂಡರೂ ಮತ್ತೆ ಬಂದರೆ, ಅಥವಾ ಎದೆಯ ಒಂದೇ ಬದಿಯಲ್ಲಿ ಸುಯ್ಲು ಕೇಳಿದರೆ, ಅದನ್ನು ಕಷಾಯದಿಂದ ವಾಸಿಮಾಡಲು ಹೋಗಬಾರದು. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಹೇಳುತ್ತಿದ್ದೇನೆ.

ಶೇಂಗಾ, ಪುಠಾಣಿ, ಕಡಲೆ, ಗೋಡಂಬಿ, ಕೊಬ್ಬರಿಯ ಚೂರು, ಇಡಿಯ ದ್ರಾಕ್ಷಿ, ಹಸಿ ಗಜ್ಜರಿ, ಹಸಿ ಸೇಬಿನ ಹೋಳು, ಕಬ್ಬಿನ ತುಂಡು, ಸೀತಾಫಲದ ಬೀಜ, ಹಬ್ಬದ ಗುಗ್ಗರಿ, ಅಜ್ಜನ ಎಲೆಅಡಿಕೆ ಚೀಲದ ಅಡಿಕೆ: ಇವು ಎಳೆಗೂಸಿನ ಕೈಗೆ ಎಟುಕಲೇಬಾರದು. ಇಡಿಯ ಕಾಳುಗಳನ್ನು ನಾಲ್ಕೈದು ವರ್ಷದವರೆಗೂ ಕೊಡದಿರುವುದೇ ಕ್ಷೇಮ. ಒಣ ರೊಟ್ಟಿಯ ಅಂಚನ್ನು ಚೀಪಲೆಂದು ಕೊಡುವ ರೂಢಿ ನಮ್ಮ ಕಡೆ ಉಂಟು. ಅದು ನೆನೆದು ತಟಕ್ಕನೆ ಮುರಿದರೆ ಗಟ್ಟಿ ತುಂಡು ಗಂಟಲಿಗೆ ಹೋಗುತ್ತದೆ. ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ಪೂರ್ತಿ ನೆನೆಸಿ ಮೆತ್ತಗಾದ ಮೇಲೆ ಕೊಡಬೇಕು. ಶೇಂಗಾ ಬೇಕೆಂದರೆ ನುಣ್ಣಗೆ ಅರೆದು ಗಂಜಿಯಲ್ಲಿ ತೆಳ್ಳಗೆ ಕಲಸಬಹುದು. ಅದರಲ್ಲಿ ದೋಷವಿಲ್ಲ, ಪೌಷ್ಟಿಕತೆಯಿದೆ.

ಹಾಗಾದರೆ ಕೈಗೆ ಕೊಡುವುದೇನು? ಆರು ತಿಂಗಳ ಕೂಸು ಮುಷ್ಟಿಯಿಂದ ಹಿಡಿಯುತ್ತದೆ. ಮುಷ್ಟಿಯೊಳಗಿನದು ಅದರ ಬಾಯಿಗೆ ಸಿಗದು. ಆದ್ದರಿಂದ ಹೋಳು ನಮ್ಮ ಕಿರುಬೆರಳಿನಷ್ಟು ಉದ್ದವಿದ್ದು ಮುಷ್ಟಿಯಿಂದ ಹೊರಚಾಚಿರಬೇಕು. ಹದ ತಿಳಿಯಲು ಒಂದೇ ಪರೀಕ್ಷೆ ಸಾಕು: ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಹಿಟ್ಟಾಗಬೇಕು. ಕೂಸಿನ ವಸಡಿಗೆ ಅಷ್ಟು ಬಲವಿದೆ. ಹಲ್ಲು ಬರಲೆಂದು ಕಾಯಬೇಕಿಲ್ಲ. ಬೇಯಿಸಿದ ಸಿಹಿಗುಂಬಳ, ಗೆಣಸು, ಗಜ್ಜರಿ, ಮಾಗಿದ ಪಪ್ಪಾಯಿ, ಮಾವು, ಇಡ್ಲಿ, ಮೆತ್ತನೆಯ ರಾಗಿ ದೋಸೆ, ದಪ್ಪಗೆ ಬೇಯಿಸಿದ ಹೆಸರುಬೇಳೆಯ ಹುಗ್ಗಿಯ ಉದ್ದುಂಡೆ, ಇವೆಲ್ಲ ನಮ್ಮ ಅಡುಗೆಮನೆಯಲ್ಲೇ ಇವೆ. ಬಾಳೆಹಣ್ಣು ಕೈಯಿಂದ ಜಾರುವುದಾದರೆ ಹುರಿದ ರಾಗಿಹಿಟ್ಟಿನಲ್ಲಿ ಹೊರಳಿಸಿ ಕೊಡಿರಿ. ಒಂಬತ್ತು ತಿಂಗಳ ಹೊತ್ತಿಗೆ ಎರಡು ಬೆರಳಿನಿಂದ ಹೆಕ್ಕುವುದು ಬರುತ್ತದೆ. ಆಗ ಸಣ್ಣ ಸಣ್ಣ ತುಣುಕುಗಳನ್ನು ಇಡಬಹುದು. ಆ ವಯಸ್ಸಿನ ಕೂಸು ಒಂದೊಂದೇ ಅಗುಳನ್ನು ಹೆಕ್ಕಿ ಬಾಯಿಗಿಡುವುದನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯದು.

ಬೇಳೆ, ಪಲ್ಯಗಳಲ್ಲಿ ಕೂಸಿನ ಪಾಲನ್ನು ಉಪ್ಪು, ಖಾರ, ಒಗ್ಗರಣೆ ಬೀಳುವ ಮೊದಲೇ ತೆಗೆದಿಡಬೇಕು. ಸಕ್ಕರೆ, ಬೆಲ್ಲ ಬೇಡ. ಒಂದು ಚಮಚ ತುಪ್ಪ ಬೆರೆಸಿದರೆ ಒಳ್ಳೆಯದು.

ಮೊದಲ ವಾರಗಳಲ್ಲಿ ಕೂಸು ಆಗಾಗ ಓಕರಿಸುತ್ತದೆ. ಇದನ್ನೂ ಉಸಿರು ಕಟ್ಟುವುದನ್ನೂ ಬೇರೆಬೇರೆಯಾಗಿ ಗುರುತಿಸಲು ಮನೆಯವರೆಲ್ಲ ಕಲಿಯಬೇಕು. ಈ ವಯಸ್ಸಿನಲ್ಲಿ ಓಕರಿಕೆ ಹುಟ್ಟುವ ತಾಣ ನಾಲಿಗೆಯ ಮೇಲೆ ಮುಂದಕ್ಕಿರುತ್ತದೆ. ತುತ್ತು ಗಂಟಲಿಗೆ ತಲುಪುವ ಮೊದಲೇ ಹಿಂದಕ್ಕೆ ಬರಲಿ ಎಂದು ಸೃಷ್ಟಿಯೇ ಇಟ್ಟ ಕಾವಲು ಅದು. ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಕೆಮ್ಮು, ಸದ್ದು ಇರುತ್ತವೆ. ಆಗ ಬೆರಳು ಹಾಕಿದರೆ ತುತ್ತನ್ನು ನಾವೇ ಒಳಕ್ಕೆ ತಳ್ಳಿದಂತೆ. ಸುಮ್ಮನೆ ಎದುರಿಗೆ ಕುಳಿತಿರಬೇಕು. ನಿಜವಾಗಿ ಉಸಿರು ಕಟ್ಟಿದ ಕೂಸು ಸದ್ದು ಮಾಡುವುದಿಲ್ಲ. ಅಳಲಾರದು, ಕೆಮ್ಮಲಾರದು, ತುಟಿ ನೀಲಿಗಟ್ಟುತ್ತದೆ. ಆದ ಕಾರಣವೇ ಉಣ್ಣುತ್ತಿರುವ ಕೂಸನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡಬಾರದು. ಒಳಮನೆಯಿಂದ ಕಿವಿಗೊಟ್ಟಿದ್ದರೆ ಏನೂ ಕೇಳಿಸುವುದಿಲ್ಲ.

ಅಂಥ ಗಳಿಗೆ ಬಂದರೆ ಮಾಡಬೇಕಾದುದು ಇದು. ಒಂದು ವರ್ಷದೊಳಗಿನ ಕೂಸನ್ನು ಮುಂಗೈಯ ಮೇಲೆ ಬೋರಲಾಗಿ ಮಲಗಿಸಿ, ದವಡೆಯನ್ನು ಅಂಗೈಯಲ್ಲಿ ಆಧರಿಸಿ, ತಲೆ ಎದೆಗಿಂತ ಕೆಳಗಿರುವಂತೆ ಹಿಡಿಯಿರಿ. ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲೆಲುಬುಗಳ ನಡುವೆ 5 ಬಾರಿ ಬಲವಾಗಿ ಹೊಡೆಯಿರಿ. ಹೊರಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವಿನ ಎಲುಬನ್ನು 5 ಬಾರಿ ಒತ್ತಿರಿ. ತುಂಡು ಹೊರಬರುವವರೆಗೆ ಅಥವಾ ಕೂಸು ಅಳುವವರೆಗೆ ಇವೆರಡನ್ನೂ ಒಂದಾದ ಮೇಲೊಂದರಂತೆ ಮಾಡುತ್ತಿರಬೇಕು. ಹೊಟ್ಟೆಯನ್ನು ಅದುಮಬಾರದು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬಾರದು. ನೀರು ಕುಡಿಸಬಾರದು. ಇದೇ ವೇಳೆ ಮತ್ತೊಬ್ಬರು 108ಕ್ಕೆ ಕರೆ ಮಾಡಲಿ. ಉಸಿರು ಮರಳಿದ ಮೇಲೂ ಒಮ್ಮೆ ಆಸ್ಪತ್ರೆಯಲ್ಲಿ ತೋರಿಸಬೇಕು. ಕೂಸು ಪ್ರಜ್ಞೆ ತಪ್ಪಿದರೆ ಎದೆಯೊತ್ತಿ ಉಸಿರು ಕೊಡಬೇಕಾಗುತ್ತದೆ. ಅದನ್ನು ಬರಹದಿಂದ ಕಲಿಯಲಾಗದು, ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಕೈಯಿಂದ ಮಾಡಿ ಕಲಿಯಿರಿ.

ಕೈಯಿಂದ ತಿನ್ನುವ ಮಕ್ಕಳಿಗೆ ಉಸಿರು ಕಟ್ಟುವುದು ಹೆಚ್ಚೇ? ನ್ಯೂಜಿಲೆಂಡಿನಲ್ಲಿ ಸುಮಾರು 200 ಮಕ್ಕಳ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಚಮಚದಿಂದ ಉಂಡ ಮಕ್ಕಳಿಗಿಂತ ಇವರಿಗೆ ಹೆಚ್ಚಾಗಿ ಉಸಿರು ಕಟ್ಟಲಿಲ್ಲ. ಆದರೆ ಆ ತಾಯಂದಿರಿಗೆ ಹೋಳಿನ ಆಕಾರ, ಹದಗಳನ್ನು ಮೊದಲೇ ಕಲಿಸಲಾಗಿತ್ತೆಂಬುದನ್ನು ಮರೆಯಬಾರದು.

ಸೊಸೆಗೆ ನಾನು ಹೇಳಿದ ಮಾತು ಬೇರೆ. ಕೂಸು ಮುದ್ದಾಗಿ ತಿನ್ನುತ್ತಿದೆ ನಿಜ, ಹೊಟ್ಟೆಗೆ ಹೋದದ್ದೆಷ್ಟು? ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣಾಂಶದ ಗಂಟು ಆರು ತಿಂಗಳ ಹೊತ್ತಿಗೆ ಕರಗಿರುತ್ತದೆ. ತಾಯಿಯ ಹಾಲಿನಲ್ಲಿ ಅದು ಬಹಳ ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆಯಿದೆ. ಎರಡು ವರ್ಷದೊಳಗಿನವರಲ್ಲಿ ತಕ್ಕಷ್ಟು ಮೇಲೂಟ ಪಡೆಯುವವರು ನೂರಕ್ಕೆ ಹನ್ನೊಂದು ಮಂದಿ ಮಾತ್ರ. ನಮ್ಮದು ಶಾಕಾಹಾರದ ಪರಂಪರೆ. ಆದ್ದರಿಂದ ನಮ್ಮ ಮನೆಗಳಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಕುಂಬಳಕಾಯಿ, ಬಾಳೆಹಣ್ಣಿನಲ್ಲಿ ಕಬ್ಬಿಣಾಂಶ ಇಲ್ಲವೆನ್ನುವಷ್ಟು ಕಡಿಮೆ. 100 ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ, ಹುರಳಿಯಲ್ಲಿ 8ಕ್ಕೂ ಹೆಚ್ಚು ಇದೆ. ಆದರೆ ಕೂಸು ತಿನ್ನುವುದು ಒಂದು ಹಿಡಿ, ಅದರಲ್ಲೂ ದೇಹಕ್ಕೆ ಸೇರುವುದು ಅಲ್ಪ. ಕಾಳನ್ನು ಮೊಳಕೆಯೊಡೆಸಿ, ಒಣಗಿಸಿ, ಹುರಿದು ಹಿಟ್ಟು ಮಾಡಿದರೆ, ಉಣ್ಣಿಸುವಾಗ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ. ರಾಗಿಯ ಅಂಬಲಿಗೂ ಇದೇ ಕ್ರಮ. ಮೊಳಕೆಯ ರಾಗಿ ಗಂಟಾಗದೆ ತೆಳ್ಳಗಿರುವುದರಿಂದ ಹೆಚ್ಚು ಹಿಟ್ಟು ಹಿಡಿಸುತ್ತದೆ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಸಿರಪ್ಪನ್ನು ವಾರಕ್ಕೆರಡು ಬಾರಿ, 1 ಮಿಲಿಲೀಟರಿನಂತೆ ತಪ್ಪದೆ ಹಾಕಬೇಕು. ಮಲ ಕಪ್ಪಾಯಿತೆಂದು ನಿಲ್ಲಿಸಬಾರದು. ಆಕಳ ಹಾಲನ್ನು ಒಂದು ವರ್ಷದವರೆಗೆ ಮುಖ್ಯ ಆಹಾರವಾಗಿ ಕುಡಿಸುವುದೂ ರಕ್ತಹೀನತೆಗೆ ದಾರಿ.

ಆದಕಾರಣ ನನ್ನ ಅಭಿಪ್ರಾಯ ಮಧ್ಯಮ ಮಾರ್ಗದ್ದು. ಹೋಳು ಕೂಸಿನ ಕೈಯಲ್ಲಿರಲಿ; ಮೊಳಕೆ ಹಿಟ್ಟಿನ ಗಂಜಿ, ಬೇಳೆ ಹಿಸುಕಿದ ಹುಗ್ಗಿ ತಾಯಿಯ ಅಥವಾ ಅಜ್ಜಿಯ ಕೈತುತ್ತಾಗಿರಲಿ. ಒಂದೇ ನಿಯಮ: ಕೂಸು ಕುಳಿತಿರಬೇಕು, ಬಾಯಿ ತೆರೆದಾಗ ಮಾತ್ರ ತುತ್ತು, ಮುಖ ತಿರುಗಿಸಿದರೆ ಊಟ ಮುಗಿಯಿತು. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತರಿಂದ ಮೂರು ನಾಲ್ಕು ಸಲ ಸಾಕು. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಮಾಡಿಸಿದರೆ ಸಾಲುತ್ತಿದೆಯೋ ಇಲ್ಲವೋ ತಕ್ಕಡಿಯೇ ಹೇಳುತ್ತದೆ.

ಮಠಕ್ಕೆ ಕೂಸನ್ನು ತಂದು, ಶ್ರೀಗಳ ಸನ್ನಿಧಿಯಲ್ಲಿ ಮೊದಲ ತುತ್ತು ಮುಟ್ಟಿಸುವ ಭಕ್ತರಿಗೆ ಒಂದು ಅರಿಕೆ. ಆ ತುತ್ತಿನಲ್ಲಿ ಜೇನು ಬೇಡ. ನಮ್ಮ ಗ್ರಂಥಗಳಲ್ಲಿ ಶಿಶುವಿಗೆ ಜೇನು ನೆಕ್ಕಿಸುವ ವಿಧಿಯಿದೆ. ನಾನೂ ಎಷ್ಟೋ ಕೂಸುಗಳಿಗೆ ಬಜೆಯನ್ನು ಜೇನಿನಲ್ಲಿ ತೇಯ್ದು ಕೊಡಲು ಹೇಳಿದವನೇ. ಜೇನಿನಲ್ಲಿ ಕೆಲವೊಮ್ಮೆ ಇರುವ ಬೊಟುಲಿಸಂ ರೋಗಾಣುವಿನ ಬೀಜಕಣಗಳು ಒಂದು ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಮೊಳೆತು, ಸ್ನಾಯುಗಳನ್ನು ಶಿಥಿಲಗೊಳಿಸುವ ವಿಷವನ್ನು ಉಂಟುಮಾಡುತ್ತವೆಂದು ತಿಳಿದ ಮೇಲೆ ಬಿಟ್ಟೆ. ಮನೆಯಲ್ಲಿ ಕಾಯಿಸಿದರೆ ಆ ಕಣಗಳು ಸಾಯುವುದಿಲ್ಲ. ಅಪರೂಪದ ರೋಗ, ಆದರೆ ಬಂದರೆ ಉಸಿರಿಗೇ ಕುತ್ತು. ದಾಸೋಹದ ಮೆತ್ತನೆಯ ಅನ್ನಕ್ಕೆ ಹನಿ ತುಪ್ಪ ಬೆರೆಸಿ ಹಿಸುಕಿ ಮುಟ್ಟಿಸಿದರೆ ಅದೇ ಪ್ರಸಾದ.

ನೆಲಕ್ಕೆ ಬೀಳುವ ಅನ್ನದ ಬಗ್ಗೆ ಅಜ್ಜಿ ಕೇಳಿದ್ದು ಬಾಯಿಮಾತಿನ ಪ್ರಶ್ನೆಯಲ್ಲ. ಪ್ರಸಾದವನ್ನು ಒಂದಗುಳೂ ಚೆಲ್ಲದೆ ಸ್ವೀಕರಿಸುವ ಮನೆತನದಲ್ಲಿ ಬೆಳೆದವರು ಅವರು. ನಾನು ಕೇಳಿದೆ: “ಅಮ್ಮಾ, ಕೂಸು ನಡೆಯೋದು ಕಲಿಯುವಾಗ ಎಷ್ಟು ಸಲ ಬೀಳತೈತಿ? ಅದಕ್ಕ ಪಾಪ ಅಂತೀರೇನು?” ಅವರು ನಕ್ಕರಾದರೂ ಪೂರ್ತಿ ಒಪ್ಪಲಿಲ್ಲ. ಆಗ ಉಪಾಯ ಹೇಳಿದೆ. ಒಗೆದು ಒಣಗಿಸಿದ ಬಿಳಿಯ ಪಂಚೆಯನ್ನು ನೆಲಕ್ಕೆ ಹಾಸಿರಿ. ಕೂಸಿನ ಕೈಯನ್ನೂ ನಿಮ್ಮ ಕೈಯನ್ನೂ ಸೋಪಿನಿಂದ ತೊಳೆಯಿರಿ. ತಟ್ಟೆಯಲ್ಲಿ ಒಮ್ಮೆಗೆ ಎರಡೇ ಹೋಳು ಇಡಿರಿ. ತಿಂದ ಮೇಲೆ ಮತ್ತೆರಡು. ಬಟ್ಟೆಯ ಮೇಲೆ ಬಿದ್ದದ್ದನ್ನು ನೀವು ಆಯ್ದು ತಿನ್ನಿರಿ, ಇಲ್ಲವೇ ಕೊಟ್ಟಿಗೆಯ ದನಕ್ಕೆ ಹಾಕಿರಿ. ಒಂದಗುಳೂ ಕಾಲಿಗೆ ಸಿಗುವುದಿಲ್ಲ.

ತಿಂಗಳು ಕಳೆದು ಲಸಿಕೆಗೆಂದು ಪೇಟೆಗೆ ಬಂದವರು ನನ್ನಲ್ಲಿಗೂ ಬಂದಿದ್ದರು. ಕೂಸಿನ ತೂಕ 300 ಗ್ರಾಂ ಏರಿತ್ತು. ಒಳಲೆ ಏನಾಯಿತೆಂದು ಕೇಳಿದೆ. “ಗೂಡಿನ್ಯಾಗ ಇಟ್ಟೀನ್ರಿ. ಈಗ ಎರಡ ಹೋಳು ಅದು ತಿಂದ್ರ, ಒಂದು ನನ್ನ ಬಾಯಿಗೂ ಇಡತೈತಿ” ಎಂದರು ಅಜ್ಜಿ.